ಹೇಳೋರು ಕೇಳೋರು ಇದ್ದರೆ

1956ರ ನವೆಂಬರ್ 12ರ ರಾತ್ರಿ ಪುಣೆ ಬಿಟ್ಟ ಪ್ಯಾಸೆಂಜರ್ ರೈಲು ಘಾಟ್ ಇಳಿದು, ಕರ್ಜತ್, ಕಲ್ಯಾಣ, ಠಾಣೆ ದಾಟಿ, ಬೆಳಗಿನ ಜಾವಕ್ಕೆ ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ ಸೇರಿತು. ಠಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡಿಗರಿಗೆ ಈ ಹಳಿಯ ಪರಿಚಯ ಬೇಕಿಲ್ಲ. ಹುಬ್ಬಳ್ಳಿಗೋ, ಗದಗಕ್ಕೋ, ಬೆಳಗಾವಿಗೋ ಹೋಗಲು ನಾವೂ ಇದೇ ಘಾಟ್ ಹತ್ತುತ್ತೇವೆ. ಆ ರಾತ್ರಿ ಆ ರೈಲಿನಲ್ಲಿ ಲಕ್ಷ್ಮೀಬಾಯಿ ಕರ್ವೆ ಎಂಬ ಪುಣೆಯ ಸ್ಥಿತಿವಂತ ವಿಧವೆ ಇದ್ದರು. ಜತೆಗಿದ್ದವನು ಅವರ ಮನೆಯಲ್ಲೇ ಬಾಡಿಗೆಗಿದ್ದ, ಅವರಿಗೆ ಔಷಧವನ್ನೂ ಕೊಡುತ್ತಿದ್ದ ಡಾಕ್ಟರ್ ಅನಂತ ಚಿಂತಾಮಣ ಲಾಗೂ. ಮುಂಬಯಿಯ ದೊಡ್ಡ ಡಾಕ್ಟರರಿಗೆ ತೋರಿಸುವುದು ಪ್ರಯಾಣದ ಉದ್ದೇಶ.

ರೈಲು ಮುಂಬಯಿ ಮುಟ್ಟುವ ಹೊತ್ತಿಗೆ ಲಕ್ಷ್ಮೀಬಾಯಿಗೆ ಪ್ರಜ್ಞೆ ಇರಲಿಲ್ಲ. ಸ್ಟೇಷನ್ನಿಗೆ ಅಂಟಿಕೊಂಡಂತೆ ಸೇಂಟ್ ಜಾರ್ಜ್ ಆಸ್ಪತ್ರೆ ಇದೆ. ಲಾಗೂ ಅಲ್ಲಿಗೆ ಹೋಗದೆ ಅವರನ್ನು ಗೋಕುಲದಾಸ್ ತೇಜ್‌ಪಾಲ್ ಆಸ್ಪತ್ರೆಗೆ, ಎಲ್ಲರೂ ಜಿ.ಟಿ. ಆಸ್ಪತ್ರೆ ಎನ್ನುವಲ್ಲಿಗೆ, ಒಯ್ದು ಸೇರಿಸಿದ. ದಾಖಲೆಯಲ್ಲಿ ಬರೆಸಿದ ಹೆಸರು ಲಕ್ಷ್ಮೀಬಾಯಿ ಕರ್ವೆ ಎಂದಲ್ಲ, ಅವರ ತವರಿನ ಹೆಸರನ್ನು ಹೋಲುವ ಇಂದುಮತಿ ಪೌನ್ಷೆ ಎಂದು. 13ರ ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ, ಒಮ್ಮೆಯೂ ಎಚ್ಚರಗೊಳ್ಳದೆ, ಅವರು ತೀರಿಕೊಂಡರು. ಮಧುಮೇಹದಿಂದ ಬಂದ ಕೋಮಾ ಎಂದು ಕಾರಣ ಬರೆಯಲಾಯಿತು.

ಲಾಗೂ ಪುಣೆಗೆ ಮರಳಿದ. ಮೃತಳ ಅಣ್ಣ ಬಂದು ಹೆಣ ಒಯ್ಯುತ್ತಾನೆ ಎಂದು ಆಸ್ಪತ್ರೆಗೆ ತಿಳಿಸಿದ. ಯಾವ ಅಣ್ಣನೂ ಬರಲಿಲ್ಲ. ಪುಣೆಯ ಶುಕ್ರವಾರ ಪೇಠೆಯಲ್ಲಿ ಸ್ವಂತ ಮನೆ, ಬ್ಯಾಂಕಿನಲ್ಲಿ ಹಣ, ಕಂಪನಿಗಳಲ್ಲಿ ಷೇರು, ಬೆಳೆದ ಮಗ, ಊರು ತುಂಬ ಬಂಧುಗಳು ಇದ್ದ ಹೆಂಗಸು ಮುಂಬಯಿಯ ಶವಾಗಾರದಲ್ಲಿ ವಾರಸುದಾರರಿಲ್ಲದ ಹೆಣವಾಗಿ ಬಿದ್ದಿದ್ದರು. ಮರಣೋತ್ತರ ಪರೀಕ್ಷೆ ಆದದ್ದು ಹತ್ತು ದಿನಗಳ ಮೇಲೆ. ಒಳಾಂಗಗಳನ್ನು ರಾಸಾಯನಿಕ ಪರೀಕ್ಷೆಗೆ ಕಳಿಸಿದರು. ವಿಷ ಸಿಗಲಿಲ್ಲ.

ನಾನು ವಾಗ್ಳೆ ಎಸ್ಟೇಟಿನ ಔಷಧ ಪರೀಕ್ಷೆಯ ಲ್ಯಾಬೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಈ ಪ್ರಕರಣ ಮೊದಲು ನನ್ನ ಗಮನಕ್ಕೆ ಬಂದದ್ದು ಆ ಒಂದು ಮಾತಿನಿಂದಲೇ: ವಿಷ ಸಿಗಲಿಲ್ಲ. ನಮ್ಮ ಲ್ಯಾಬಿನಲ್ಲೂ ರಿಪೋರ್ಟಿನ ಕೊನೆಯಲ್ಲಿ ದಿನಾ ಬರೆಯುತ್ತೇವೆ, ಎನ್‌ಡಿ, ಅಂದರೆ ನಾಟ್ ಡಿಟೆಕ್ಟೆಡ್. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಅದನ್ನು 'ಇಲ್ಲ' ಎಂದು ಓದುತ್ತಾರೆ. ಅವರಿಗೆ ಮೊದಲು ಹೇಳಿಕೊಡುವ ಪಾಠವೇ ಇದು. ಎನ್‌ಡಿ ಎಂದರೆ ಇಲ್ಲ ಅಂತಲ್ಲ. ನಾವು ಹುಡುಕಿದ್ದು, ನಾವು ಹುಡುಕಿದ ವಿಧಾನದಲ್ಲಿ, ಆ ವಿಧಾನಕ್ಕೆ ಎಟುಕುವಷ್ಟು ಪ್ರಮಾಣದಲ್ಲಿ ನಮಗೆ ಸಿಗಲಿಲ್ಲ ಅಂತ. ಹುಡುಕದೇ ಇದ್ದದ್ದರ ಬಗ್ಗೆ ರಿಪೋರ್ಟು ಏನನ್ನೂ ಹೇಳುವುದಿಲ್ಲ. 1956ರಲ್ಲಿ, ಹತ್ತು ದಿನ ಕಳೆದ ದೇಹದಲ್ಲಿ, ಆಗಿನ ವಿಧಾನಗಳಿಂದ ಹಿಡಿಯಬಹುದಾದ ವಿಷಗಳ ಪಟ್ಟಿ ಚಿಕ್ಕದು. ಅದೇ ಕಾಲದಲ್ಲಿ, 1957ರಲ್ಲಿ, ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಕೆನೆತ್ ಬಾರ್ಲೋ ಎಂಬ ನರ್ಸ್ ತನ್ನ ಹೆಂಡತಿಯನ್ನು ಇನ್ಸುಲಿನ್ ಚುಚ್ಚಿ ಕೊಂದದ್ದನ್ನು ಸಾಬೀತು ಮಾಡಲು ತಜ್ಞರು ಪ್ರಯೋಗದ ಇಲಿಗಳ ಮೇಲೆ ಪರೀಕ್ಷೆ ನಡೆಸಬೇಕಾಯಿತು. ಇನ್ಸುಲಿನ್ ಕೊಲೆಗೆ ಶಿಕ್ಷೆಯಾದ ಮೊದಲ ಪ್ರಕರಣ ಅದು. ಲಕ್ಷ್ಮೀಬಾಯಿಗೂ ಅದೇ ಆಗಿತ್ತು ಎಂದು ನಾನು ಹೇಳುತ್ತಿಲ್ಲ. ಯಾವ ವಿಷ ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಇನ್ನು ಬಗೆಹರಿಯುವುದೂ ಇಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರಸಾಯನಶಾಸ್ತ್ರವಲ್ಲ, ಆಮೇಲಿನ ಒಂದು ವರ್ಷ.

ನವೆಂಬರ್ 1956ರಲ್ಲಿ ಸತ್ತ ಲಕ್ಷ್ಮೀಬಾಯಿ 1957ರ ಉದ್ದಕ್ಕೂ ಕಾಗದ ಬರೆಯುತ್ತಿದ್ದರು! ಬಂಧುಗಳಿಗೆ, ಪರಿಚಯದವರಿಗೆ ಅವರ ಹೆಸರಿನಲ್ಲಿ ಪತ್ರಗಳು ಬಂದವು. ತಾನು ಜೋಶಿ ಎಂಬೊಬ್ಬರನ್ನು ಮದುವೆಯಾಗಿ ಜೈಪುರದ ಬಳಿ ರಾಠೋಡಿ ಎಂಬ ಊರಿನಲ್ಲಿ ನೆಲೆಸಿದ್ದೇನೆ, ನನ್ನನ್ನು ಹುಡುಕಬೇಡಿ ಎಂಬ ಧಾಟಿಯ ಪತ್ರಗಳು. ಬರೆಯುತ್ತಿದ್ದವನು ಲಾಗೂ. ಒಂದು ಕಡೆ ಈ ಪತ್ರಗಳು, ಇನ್ನೊಂದು ಕಡೆ ಲಕ್ಷ್ಮೀಬಾಯಿಯ ಸಹಿ ಇದ್ದ ಹಾಗೂ ಸಹಿ ನಕಲು ಮಾಡಿದ ಕಾಗದಗಳು. ಬ್ಯಾಂಕಿನ ಹಣ, ಷೇರು ಒಂದೊಂದಾಗಿ ಕೈ ಬದಲಾದವು. ಬ್ಯಾಂಕಿಗೆ ಸಹಿ ಸಾಕು, ಬಂಧುಗಳಿಗೆ ಪತ್ರ ಸಾಕು. ಆ ಹೆಂಗಸು ಎಲ್ಲಿ, ಮುಖ ತೋರಿಸಿ ಎಂದು ಕೇಳುವ ಅಗತ್ಯ ಬಹುಕಾಲ ಯಾರಿಗೂ ಬೀಳಲಿಲ್ಲ.

ಕೊನೆಗೆ ಕೇಳಿದರು. ಮಗ ಬೇರೆ ವಾಸವಿದ್ದ. ಅವನು, ಕೆಲವು ನೆಂಟರು, ಗೊತ್ತಿದ್ದ ಕೆಲವರು ಒಬ್ಬರಿಗೊಬ್ಬರು ಮಾತಾಡಿಕೊಂಡು, ಎಲ್ಲರಿಗೂ ಪತ್ರ ಬಂದಿದೆ, ಆದರೆ ಯಾರೂ ಆಕೆಯನ್ನು ಕಂಡಿಲ್ಲ ಎಂಬುದನ್ನು ಗಮನಿಸಿದರು. ಪೊಲೀಸರಿಗೆ ದೂರು ಹೋಯಿತು. 1958ರ ಮಾರ್ಚ್‌ನಲ್ಲಿ ಲಾಗೂನ ಬಂಧನವಾಯಿತು. ಪುಣೆಯ ಸೆಷನ್ಸ್ ಕೋರ್ಟು ಮರಣದಂಡನೆ ವಿಧಿಸಿತು, ಬೊಂಬಾಯಿ ಹೈಕೋರ್ಟ್ ಎತ್ತಿಹಿಡಿಯಿತು. 1959ರ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ವಜಾ ಮಾಡಿತು. ಮೂವರು ನ್ಯಾಯಮೂರ್ತಿಗಳ ಪೀಠ. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಹಿದಾಯತುಲ್ಲಾ. ಮುಂದೆ ಮುಖ್ಯ ನ್ಯಾಯಮೂರ್ತಿಯಾಗಿ, ಹಂಗಾಮಿ ರಾಷ್ಟ್ರಪತಿಯೂ ಆದವರು. ವಿಷ ಕೈಗೆ ಸಿಗದಿದ್ದರೂ, ಆರೋಪಿ ಮೊದಲು ಮಾಡಿದ್ದು, ಆಸ್ಪತ್ರೆಯಲ್ಲಿ ಮಾಡಿದ್ದು, ಆಮೇಲೆ ಮಾಡಿದ್ದು, ಎಲ್ಲ ಕೂಡಿಸಿ ನೋಡಿದಾಗ ಬೇರೆ ಅರ್ಥ ಹೊರಡುವುದಿಲ್ಲ ಎಂಬುದು ಅದರ ಸಾರ. ಜಾಣತನದಿಂದ ವಿಷ ಹಾಕಿದವನು ಆ ಜಾಣತನದ ಬಲದಿಂದಲೇ ಪಾರಾಗುವಂತಾಗಬಾರದು ಎಂಬ ವಿಚಾರ ಅದರ ಹಿಂದಿದೆ.

ಆದರೆ ಮೂವರಲ್ಲಿ ಒಬ್ಬರು, ನ್ಯಾಯಮೂರ್ತಿ ಎ.ಕೆ. ಸರ್ಕಾರ್, ಒಪ್ಪಲಿಲ್ಲ. ಲಾಗೂ ಹಣ ಕದ್ದದ್ದು, ಸುಳ್ಳು ಹೇಳಿದ್ದು ಬೇರೆ. ಸಾವು ಸಹಜವಲ್ಲ ಎಂಬುದೇ ಸಾಬೀತಾಗಿಲ್ಲ, ಮಧುಮೇಹ ಇದ್ದವರಿಗೆ ಕೋಮಾ ಬರಬಹುದಲ್ಲವೇ ಎಂಬುದು ಅವರ ನಿಲುವು. ಈ ಭಿನ್ನಮತವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎನ್‌ಡಿ ಎಂದರೆ 'ಇಲ್ಲ' ಅಲ್ಲ ಎಂದು ಹುಡುಗರಿಗೆ ಹೇಳುವ ನಾನು, ಎನ್‌ಡಿ ಎಂದರೆ 'ಇದೆ' ಎಂದೂ ಅಲ್ಲ ಎಂದು ಹೇಳಬೇಕಾಗುತ್ತದೆ.

ಇದಕ್ಕೆ ಪೂರಾ ತಿರುಗುಮುರುಗಾದ ಇನ್ನೊಂದು ಪ್ರಕರಣ ಜಗತ್ತಿನ ಆ ತುದಿಯಲ್ಲಿ ನಡೆದಿತ್ತು. ನಮ್ಮ ಮಕ್ಕಳನ್ನು ಕಳಿಸಲು ನಾವು ಕನಸು ಕಾಣುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಿಂದೆ ಒಬ್ಬ ತಾಯಿಯ ದುಃಖ ಇದೆ. ಲೀಲ್ಯಾಂಡ್ ಮತ್ತು ಜೇನ್ ಸ್ಟ್ಯಾನ್‌ಫರ್ಡ್ ದಂಪತಿಗೆ ಇದ್ದೊಬ್ಬ ಮಗ 1884ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಟೈಫಾಯ್ಡ್‌ನಿಂದ ತೀರಿಕೊಂಡ. ಅವನ ಹೆಸರಿನಲ್ಲಿ ಕಟ್ಟಿದ ವಿಶ್ವವಿದ್ಯಾಲಯ 1891ರಲ್ಲಿ ಬಾಗಿಲು ತೆರೆಯಿತು. 1893ರಲ್ಲಿ ಗಂಡ ಸತ್ತ ಮೇಲೆ ಅದನ್ನು ಉಳಿಸಿದವರು ಜೇನ್. ಆಕೆಯ ಕಾಲದ ದೊಡ್ಡ ದಾನಿಗಳಲ್ಲಿ ಒಬ್ಬರು.

1905ರ ಜನವರಿ 14ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದ ಬಂಗಲೆಯಲ್ಲಿ ಆಕೆ ಬಾಟಲಿಯ ನೀರು ಕುಡಿದರು. ಕಹಿ ಅನಿಸಿತು. ವಾಂತಿ ಮಾಡಿಕೊಂಡು ಬದುಕಿದರು. ಆ ನೀರನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಸ್ಟ್ರಿಕ್ನಿನ್, ಇಲಿ ಪಾಷಾಣಕ್ಕೆ ಬಳಸುತ್ತಿದ್ದ ವಿಷ. ಹೆದರಿದ ಜೇನ್ ಊರು ಬಿಟ್ಟು ಹಡಗು ಹತ್ತಿ ಹವಾಯಿಯ ಹೊನೊಲುಲುಗೆ ಹೋದರು. ಫೆಬ್ರವರಿ 28ರ ರಾತ್ರಿ ಅಲ್ಲಿನ ಮೋನಾ ಹೋಟೆಲಿನ ಕೋಣೆಯಲ್ಲಿ, ಹೊಟ್ಟೆಗೆ ಹಿತವಾಗಲೆಂದು ಸೋಡಾ ಪುಡಿ ತೆಗೆದುಕೊಂಡು ಮಲಗಿದವರು, ಮೈ ಸೆಟೆದು, ದವಡೆ ಕಚ್ಚಿಕೊಂಡು, ತನಗೆ ಮತ್ತೆ ವಿಷ ಹಾಕಿದ್ದಾರೆಂದು ಹೇಳುತ್ತಲೇ ಪ್ರಾಣ ಬಿಟ್ಟರು. ಸ್ಟ್ರಿಕ್ನಿನ್ನಿನ ಲಕ್ಷಣಗಳು ಪುಸ್ತಕದಲ್ಲಿ ಬರೆದಂತಿದ್ದವು. ವಿಷವೂ ಪತ್ತೆಯಾಯಿತು. ಹೊನೊಲುಲುವಿನ ವಿಚಾರಣಾ ಮಂಡಳಿ ಕೆಲವೇ ನಿಮಿಷಗಳಲ್ಲಿ ತೀರ್ಮಾನ ಕೊಟ್ಟಿತು: ಯಾರೋ ಬೇಕೆಂದೇ ಹಾಕಿದ ಸ್ಟ್ರಿಕ್ನಿನ್ನಿನಿಂದ ಸಾವು.

ಇಲ್ಲಿ ಎಲ್ಲವೂ ಇತ್ತು. ವಿಷ, ಲಕ್ಷಣ, ಸಾಕ್ಷಿ, ತಜ್ಞರು, ತೀರ್ಮಾನ, ದುಡ್ಡು, ಹೆಸರು. ಆದರೂ ಒಬ್ಬನ ಮೇಲೂ ಮೊಕದ್ದಮೆ ನಡೆಯಲಿಲ್ಲ. ವಿಶ್ವವಿದ್ಯಾಲಯದ ಅಧ್ಯಕ್ಷ ಡೇವಿಡ್ ಸ್ಟಾರ್ ಜೋರ್ಡನ್ ಹೊನೊಲುಲುಗೆ ಧಾವಿಸಿದರು, ಬೇರೊಬ್ಬ ಡಾಕ್ಟರನ್ನು ಹಣ ಕೊಟ್ಟು ನೇಮಿಸಿಕೊಂಡರು, ಹೃದಯದ ತೊಂದರೆಯಿಂದ ಸಹಜ ಸಾವು ಎಂದು ಹೇಳಿಕೆ ಹೊರಡಿಸಿದರು. ಸಂಸ್ಥೆಯ ಮರ್ಯಾದೆ ಉಳಿಯಿತು. ಸುಮಾರು ನೂರು ವರ್ಷ ಅದೇ ಕತೆ ನಡೆಯಿತು. 2003ರಲ್ಲಿ ಅದೇ ವಿಶ್ವವಿದ್ಯಾಲಯದ ವೈದ್ಯ ರಾಬರ್ಟ್ ಕಟ್ಲರ್ ಹಳೆಯ ದಾಖಲೆಗಳನ್ನು ತೆಗೆದು, ಇದು ವಿಷಪ್ರಾಶನವೇ ಎಂದು ಪುಸ್ತಕ ಬರೆದರು. 2022ರಲ್ಲಿ ಅಲ್ಲಿನ ಇತಿಹಾಸಕಾರ ರಿಚರ್ಡ್ ವೈಟ್ ಇನ್ನೂ ಮುಂದೆ ಹೋಗಿ, ಎರಡೂ ಸಲ ಹತ್ತಿರವಿದ್ದ ಆಪ್ತ ಕಾರ್ಯದರ್ಶಿಯತ್ತ ಬೆರಳು ತೋರಿದರು. ಅಷ್ಟು ಹೊತ್ತಿಗೆ ಕೇಳಿಸಿಕೊಳ್ಳಲು ಯಾರೂ ಉಳಿದಿರಲಿಲ್ಲ.

ಹೊನೊಲುಲುವಿನಲ್ಲಿ ವಿಷ ಸಿಕ್ಕಿತು, ನ್ಯಾಯ ಸಿಗಲಿಲ್ಲ. ಮುಂಬಯಿಯಲ್ಲಿ ವಿಷ ಸಿಗಲಿಲ್ಲ, ಆದರೂ ಪ್ರಕರಣ ದೇಶದ ಕೊನೆಯ ಕೋರ್ಟಿನವರೆಗೆ ಹೋಯಿತು. ಲ್ಯಾಬಿನಲ್ಲಿ ಹೊಟ್ಟೆ ಹೊರೆಯುವವನಾದ ನಾನೇ ಹೇಳುತ್ತಿದ್ದೇನೆ, ವ್ಯತ್ಯಾಸ ಲ್ಯಾಬಿನದ್ದಲ್ಲ. ಜೇನ್ ಸ್ಟ್ಯಾನ್‌ಫರ್ಡ್‌ಗೆ ಸಮಾಧಿ ಕಟ್ಟುವವರಿದ್ದರು, ಆಕೆ ಹೇಗೆ ಸತ್ತರು ಎಂದು ಪಟ್ಟು ಹಿಡಿದು ಕೇಳುವ ಮಕ್ಕಳು ಮರಿ ಇರಲಿಲ್ಲ. ಲಕ್ಷ್ಮೀಬಾಯಿಗೆ ತಡವಾಗಿಯಾದರೂ ಕೇಳುವವರು ಹುಟ್ಟಿಕೊಂಡರು. ನಮ್ಮಲ್ಲಿ ದಿಕ್ಕಿಲ್ಲದವರಿಗೆ 'ಹೇಳೋರಿಲ್ಲ ಕೇಳೋರಿಲ್ಲ' ಎನ್ನುತ್ತೇವೆ. ಬಡವರಿಗೆ ಅನ್ವಯಿಸುವ ಮಾತು ಎಂದುಕೊಂಡಿರುತ್ತೇವೆ. ಬ್ಯಾಂಕಿನಲ್ಲಿ ಹಣ ಇರುವ, ಊರಿಗೆಲ್ಲ ಬೇಕಾದ, ಹತ್ತಾರು ಜನರಿಗೆ ಕೊಟ್ಟ ಕೈಯಾದವರೂ ಒಂದು ದಿನ ಈ ಮಾತಿನೊಳಗೆ ಬಂದುಬಿಡಬಹುದು.

ಇದನ್ನೆಲ್ಲ ಹೊರನಾಡಿನ ನಮ್ಮ ಮುಂದೆ ಇಡಲು ಕಾರಣವಿದೆ. ನಾವು ಊರಿನಲ್ಲಿರುವ ನಮ್ಮ ಹಿರಿಯರನ್ನು ಪತ್ರದ ಮೂಲಕ ಬಲ್ಲವರು. ಪತ್ರದ ಹೆಸರು ಈಗ ವಾಟ್ಸ್‌ಆ್ಯಪ್, ಅಷ್ಟೆ.

ನನ್ನ ಅವ್ವನ ಅಕ್ಕ, ದೊಡ್ಡವ್ವ, ಗದಗದಲ್ಲಿ ಒಬ್ಬಳೇ ಇದ್ದಾಳೆ. ನಿವೃತ್ತ ಶಿಕ್ಷಕಿ. ಮಕ್ಕಳಿಲ್ಲ. ಪಿಂಚಣಿಯಲ್ಲಿ ಅರ್ಧ ಓಣಿಯ ಹುಡುಗರ ಫೀಜಿಗೆ ಹೋಗುತ್ತದೆ. ದಿನಾ ಬೆಳಿಗ್ಗೆ ನಾನು ಲೋಕಲ್‌ನಲ್ಲಿ ನಿಂತಿರುವಾಗ ಅವಳ ಮೆಸೇಜು ಬರುತ್ತಿತ್ತು: ಆರಾಮ ಅದೀನಿ. ಊಟ ಆತು. ಮಳಿ ಇಲ್ಲ. ನಾನೊಂದು ಕೈ ಮುಗಿಯುವ ಚಿತ್ರ ಕಳಿಸಿ ಮುಗಿಸುತ್ತಿದ್ದೆ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಒಂದು ದಿನ ಲೋಕಲ್ ಮುಲುಂಡ್ ಹತ್ತಿರ ನಿಂತುಬಿಟ್ಟಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಅವಳ ಹಳೆಯ ಮೆಸೇಜುಗಳನ್ನು ಓದುತ್ತ ಹೋದೆ. ಒಂದು ದಿನದಿಂದ ಈಚೆಗೆ ಮಾತು ಬದಲಾಗಿತ್ತು. ಚೆನ್ನಾಗಿದ್ದೇನೆ. ಊಟ ಆಯಿತು. ಮಳೆ ಇಲ್ಲ. ಏಳು ವಾರದಿಂದ ಹೀಗೇ ಬರುತ್ತಿತ್ತು. ನಮ್ಮ ದೊಡ್ಡವ್ವ ಹುಟ್ಟಿದಾಗಿನಿಂದ 'ಚೆನ್ನಾಗಿದ್ದೇನೆ' ಎಂದವಳಲ್ಲ.

ಫೋನ್ ಮಾಡಿದೆ, ಎತ್ತಲಿಲ್ಲ. ಮರುದಿನ ರಾತ್ರಿಯ ಗದಗ ಗಾಡಿ ಹತ್ತಿದೆ. ಘಾಟ್ ಏರುವಾಗ ತಲೆಯಲ್ಲಿ ಏನೇನು ಬಂತು ಎಂದು ಬರೆಯುವುದು ಬೇಡ. ಊರಿಗೆ ಹೋಗಿ ನೋಡಿದರೆ ದೊಡ್ಡವ್ವ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಬಚ್ಚಲದಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ತನ್ನ ಮನೆ ಬಿಟ್ಟು ಇಲ್ಲೇ ಇದ್ದು ಹಗಲಿರುಳು ನೋಡಿಕೊಂಡಿದ್ದಳು. ಮೆಸೇಜು ಹಾಕುತ್ತಿದ್ದದ್ದು ಹೈಸ್ಕೂಲಿಗೆ ಹೋಗುವ ಅವಳ ಮಗಳು, ಪಠ್ಯಪುಸ್ತಕದ ಕನ್ನಡದಲ್ಲಿ. ಹಾಗೆ ಮಾಡಿಸಿದ್ದು ದೊಡ್ಡವ್ವನೇ. 'ಹುಡುಗಗ ಹೇಳಬ್ಯಾಡ್ರಿ, ಕೆಲಸ ಬಿಟ್ಟು ಓಡಿ ಬರ್ತಾನ' ಎಂದಿದ್ದಳಂತೆ. ಒಂದು ರೂಪಾಯಿ ಆಚೀಚೆ ಆಗಿರಲಿಲ್ಲ. ಔಷಧದ ಚೀಟಿಗಳನ್ನೆಲ್ಲ ಆ ಹೆಣ್ಣುಮಗಳು ತಂತಿಗೆ ಚುಚ್ಚಿ ಇಟ್ಟಿದ್ದಳು.

ರೈಲಿನಲ್ಲಿ ಆ ತಾಯಿಯ ಬಗ್ಗೆ ನಾನು ಮಾಡಿಕೊಂಡ ಯೋಚನೆಗಳಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಆದರೆ ಹೆಚ್ಚಿನ ನಾಚಿಕೆ ಬೇರೆಯದಕ್ಕೆ. ಒಬ್ಬ ಒಳ್ಳೆಯ ಹೆಂಗಸು ಆ ಮನೆಯಲ್ಲಿದ್ದದ್ದು ನನ್ನ ಅದೃಷ್ಟ, ನನ್ನ ಎಚ್ಚರವಲ್ಲ. ಅವಳ ಜಾಗದಲ್ಲಿ ಒಬ್ಬ ಲಾಗೂ ಇದ್ದಿದ್ದರೆ ಅವನಿಗೂ ನನ್ನಿಂದ ಏಳು ವಾರ ಕೈ ಮುಗಿಯುವ ಚಿತ್ರವೇ ಹೋಗುತ್ತಿತ್ತು.

ಆದ್ದರಿಂದ ನಾನು ಹೇಳುವುದು ಅನುಮಾನ ಪಡಿ ಎಂದಲ್ಲ. ಅನುಮಾನಕ್ಕೂ ಕೇಳುವುದಕ್ಕೂ ವ್ಯತ್ಯಾಸವಿದೆ. ಲಾಗೂ ಪ್ರಕರಣ ಮುಗಿದು ಕಾಲು ಶತಮಾನಕ್ಕೆ, 1984ರಲ್ಲಿ, ಪುಣೆಯದೇ ಇನ್ನೊಂದು ವಿಷದ ಸಾವಿನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಕಾನೂನು ಓದಿದವರೆಲ್ಲ ಬಲ್ಲ ಸಾರ್ಡಾ ಪ್ರಕರಣ. ಅಲ್ಲಿ ಸತ್ತ ಯುವತಿಯ ದೇಹದಲ್ಲಿ ಸಯನೈಡ್ ಪತ್ತೆಯಾಗಿತ್ತು. ಆದರೂ ಕೋರ್ಟು ಆರೋಪಿಯನ್ನು ಬಿಡುಗಡೆ ಮಾಡಿತು. ಆಕೆ ತಾನೇ ಸೇವಿಸಿರಬಹುದು ಎಂಬ ಸಾಧ್ಯತೆ ಉಳಿದಿತ್ತು. ಸಾಂದರ್ಭಿಕ ಸಾಕ್ಷ್ಯದ ಸರಪಳಿಯಲ್ಲಿ ಒಂದು ಕೊಂಡಿಯೂ ಬಿಟ್ಟಿರಬಾರದು, ಅನುಮಾನ ಎಷ್ಟೇ ಬಲವಾಗಿದ್ದರೂ ಸಾಕ್ಷ್ಯದ ಜಾಗಕ್ಕೆ ಬರಲಾರದು ಎಂಬ ನಿಯಮಗಳನ್ನು ಆ ತೀರ್ಪು ಕಟ್ಟಿಕೊಟ್ಟಿತು. ಅದೂ ಸರಿಯೇ. ತೀರ್ಪು ಕೊಡುವುದು ಕೋರ್ಟಿನ ಕೆಲಸ, ಓಣಿಯದಲ್ಲ, ಫ್ಯಾಮಿಲಿ ಗ್ರೂಪಿನದಂತೂ ಅಲ್ಲವೇ ಅಲ್ಲ. ಆದರೆ ಕೋರ್ಟಿನವರೆಗೆ ಪ್ರಶ್ನೆ ಮುಟ್ಟಬೇಕಾದರೆ ಯಾರಾದರೂ ಮೊದಲು ಕೇಳಬೇಕು. ಅದು ಮನೆಯವರ ಕೆಲಸ.

ಕೇಳುವುದೆಂದರೆ ಏನು? ದೊಡ್ಡವ್ವ ಬಿದ್ದ ಮೇಲೆ ನಮ್ಮ ಮನೆಯಲ್ಲಿ ಕೆಲವು ಪದ್ಧತಿ ಮಾಡಿಕೊಂಡಿದ್ದೇವೆ. ದೊಡ್ಡ ಉಪಾಯಗಳೇನಲ್ಲ.

ಮೊದಲನೆಯದು, ದನಿ ಕೇಳುವುದು, ಸಾಧ್ಯವಾದರೆ ಮುಖ ನೋಡುವುದು. ಅಕ್ಷರಕ್ಕೆ ದನಿ ಇಲ್ಲ. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಪಿಂಚಣಿದಾರರು ಬದುಕಿದ್ದೇವೆಂದು ಜೀವಂತ ಪ್ರಮಾಣಪತ್ರ ಕೊಡಬೇಕು. ಸರಕಾರವೇ ಕಣ್ಣಾರೆ ಕಂಡು ಖಾತರಿ ಮಾಡಿಕೊಳ್ಳುತ್ತದೆ, ನಾವು ಮೆಸೇಜು ನಂಬಿ ಕೂರುತ್ತೇವೆ. ಜತೆಗೆ ಊರಲ್ಲಿ ಒಬ್ಬರ ಮೇಲಲ್ಲ, ನಾಲ್ಕು ಜನರ ಜತೆ ಮಾತು ಇಟ್ಟುಕೊಳ್ಳುವುದು. ಪಕ್ಕದ ಮನೆ, ಹಾಲಿನವನು, ಔಷಧದ ಅಂಗಡಿ, ಹಳೆಯ ವಿದ್ಯಾರ್ಥಿ. ಏಳು ವಾರ ಔಷಧದ ಅಂಗಡಿಯವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಒಂದು ಸಲ ಕೇಳಿದ್ದರೆ ಹೇಳುತ್ತಿದ್ದ.

ಎರಡನೆಯದು ದುಡ್ಡಿನ ವಿಷಯ. ಮನೆ, ಔಷಧ, ಬ್ಯಾಂಕು ಮೂರೂ ಒಬ್ಬನ ಕೈಯಲ್ಲಿ ಕೂಡಬಾರದು. ಆ ಒಬ್ಬ ನಾವೇ ಆಗಿದ್ದರೂ ಸರಿ. ಲಾಗೂನ ಕೈಯಲ್ಲಿ ಮೂರೂ ಇದ್ದವು. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಹಿರಿಯರ ಸಹಿ ಹಾಕಿಸಿ ಇಡುವ ಚಾಳಿ ನಮ್ಮ ಎಷ್ಟೋ ಮನೆಗಳಲ್ಲಿದೆ, 'ಎದಕ್ಕಾದರೂ ಇರಲಿ' ಎಂದು. ಅದನ್ನು ನಿಲ್ಲಿಸಬೇಕು. ಜನರಲ್ ಪವರ್ ಆಫ್ ಅಟಾರ್ನಿ ಕೊಟ್ಟವರು ತೀರಿಕೊಂಡ ಗಳಿಗೆಗೆ ಅದರ ಬಲವೂ ಮುಗಿಯುತ್ತದೆ. ಆಮೇಲೆ ಅದನ್ನು ಬಳಸುವುದು ತಪ್ಪು ಎಂಬುದು ಬಳಸುವವರಿಗೂ ಗೊತ್ತಿರುವುದಿಲ್ಲ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಆ ಪತ್ರವನ್ನು ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿಯ ಬಳಿ ಅರ್ಜಿ ಹಾಕಬೇಕು. ಷರತ್ತು ಪತ್ರದಲ್ಲಿ ಬರೆದಿದ್ದರೆ ಕೆಲಸ ಸುಲಭ, ಬಾಯಿ ಮಾತಿನಲ್ಲಿದ್ದರೆ ಕಷ್ಟ. ಹಿರಿಯರ ಸಹಾಯವಾಣಿ 14567 ಕೂಡ ಇದೆ. ಆ ನಂಬರನ್ನು ಅವರ ಫೋನಿನಲ್ಲಿ ಹಾಕಿಕೊಡುವ ಕೆಲಸ ನಮ್ಮದು.

ಮೂರನೆಯದು ಹೇಳಲು ಕಷ್ಟವಾದದ್ದು. ಊರಿಂದ ಫೋನ್ ಬರುತ್ತದೆ, ಹೋಗಿಬಿಟ್ಟರು ಎಂದು. ನಾವು ಕಲ್ಯಾಣದಲ್ಲಿ ಸಿಕ್ಕ ಗಾಡಿ ಹತ್ತಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಬಹುತೇಕ ಸಾವುಗಳಲ್ಲಿ ಕೇಳುವುದಕ್ಕೆ ಏನೂ ಇರುವುದಿಲ್ಲ. ವಯಸ್ಸಾಗಿತ್ತು, ಕಾಯಿಲೆ ಇತ್ತು. ಆದರೆ ಹಿಂದಿನ ದಿನ ಗಟ್ಟಿಯಾಗಿ ಮಾತಾಡಿದವರು, ಕಾರಣ ಹೇಳಲಾಗದೆ ಹೋದರೆ, ನೋಡಿದ ಡಾಕ್ಟರಿಗೇ ಖಾತ್ರಿ ಇಲ್ಲದಿದ್ದರೆ, 'ಮೈ ಕೊಯ್ಯಿಸುವುದು ಬೇಡ' ಎಂದು ಮುಚ್ಚಿಬಿಡುವುದು ಸತ್ತವರಿಗೆ ಕೊಡುವ ಮರ್ಯಾದೆಯಲ್ಲ. ಅನುಮಾನಾಸ್ಪದ ಸಾವಿನ ವಿಚಾರಣೆ ಹೇಗೆ ನಡೆಯಬೇಕೆಂದು ಕಾನೂನಿನಲ್ಲಿದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಪೊಲೀಸರಿಗೆ ತಿಳಿಸಿದರೆ ಯಾರ ಮೇಲೂ ಆಪಾದನೆ ಹೊರಿಸಿದಂತಲ್ಲ. ಈಗಿನ ಉಪಕರಣಗಳು ರಕ್ತದ ಒಂದು ಹನಿಯಲ್ಲಿ 1956ರವರು ಊಹಿಸಲೂ ಆಗದಷ್ಟು ಸಣ್ಣ ಪ್ರಮಾಣವನ್ನು ಹಿಡಿಯುತ್ತವೆ. ಆದರೆ ಚಿತೆ ಹೊತ್ತಿದ ಮೇಲೆ ಯಾವ ಉಪಕರಣಕ್ಕೂ ಕೆಲಸವಿಲ್ಲ. ಮತ್ತು ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದು ಬಂದರೆ ಅದರ ಲಾಭ ಹೆಚ್ಚಾಗಿ ಸಿಗುವುದು ಮನೆಯಲ್ಲಿದ್ದು ಸೇವೆ ಮಾಡಿದವರಿಗೇ. ಜೀವನಪೂರ್ತಿ ಪಿಸುಮಾತು ಹೊರುವುದರಿಂದ ಅವರು ಪಾರಾಗುತ್ತಾರೆ.

ಇಷ್ಟೆಲ್ಲ ಮಾಡಿದರೆ ಹಿರಿಯರಿಗೆ ಬೇಜಾರಾಗುವುದಿಲ್ಲವೇ, ಕಾವಲು ಹಾಕಿದಂತಾಗುವುದಿಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಆಗುತ್ತದೆ. ಒಂಟಿಯಾಗಿ ಸಂಸಾರ ತೂಗಿಸಿದ ದೊಡ್ಡವ್ವನಂಥವರಿಗೆ ಯಾರಾದರೂ ತಮ್ಮ ಲೆಕ್ಕ ಕೇಳಿದರೆ ಸಿಟ್ಟೇ ಬರುತ್ತದೆ. ಅದಕ್ಕೇ ಲೆಕ್ಕ ಕೇಳಬಾರದು, ಅವರನ್ನು ಕೇಳಬೇಕು. ಮಂಡಿ ಹೇಗಿದೆ, ಏನು ಉಂಡೆ, ಯಾರು ಬಂದಿದ್ದರು. ಲಕ್ಷ್ಮೀಬಾಯಿಗೆ ವಾರಕ್ಕೊಮ್ಮೆ ಇಷ್ಟು ಕೇಳುವವರು ಇದ್ದಿದ್ದರೆ ಆ ಪತ್ರಗಳನ್ನು ಬರೆಯುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಆ ಪ್ರಯಾಣವೇ ನಡೆಯುತ್ತಿತ್ತೋ ಇಲ್ಲವೋ.

ದೊಡ್ಡವ್ವ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಆ ಹೆಣ್ಣುಮಗಳು, ಅವಳ ಮಗಳು ಇಬ್ಬರೂ ಅಲ್ಲೇ ಇದ್ದಾರೆ. ಹುಡುಗಿ ಈ ವರ್ಷ ಕಾಲೇಜು ಸೇರಿದ್ದಾಳೆ, ಫೀಜು ಯಾರು ಕಟ್ಟಿದರೆಂದು ಹೇಳಬೇಕಿಲ್ಲ. ರಾತ್ರಿ ಎಂಟೂವರೆಗೆ, ನಾನು ಲ್ಯಾಬಿನಿಂದ ಹೊರಬಿದ್ದು ರಿಕ್ಷಾ ಸಾಲಿನಲ್ಲಿ ನಿಂತಾಗ, ಫೋನ್ ಮಾಡುತ್ತೇನೆ. 'ದಿನಾ ಯಾಕ ಮಾಡ್ತೀಯೋ, ರೊಕ್ಕ ಹೆಚ್ಚಾಗೇದೇನು?' ಎಂದು ಬೈಯುತ್ತಾಳೆ. ಬೈಯುವ ದನಿ ಅವಳದೇ. ಅಷ್ಟು ಕೇಳಿಸಿದರೆ ನನಗೆ ಸಾಕು.